ಬೆಟ್ಟಕ್ಕೆ ಹೋಗಿ ಬನ್ನಿ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯಿತು. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನನ್ನ ಮೊಮ್ಮಗಳು ಡಿಸೆಂಬರ್ ರಜೆಯಲ್ಲಿ ಗೆಳತಿಯರೊಡನೆ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೋಗುವುದಾಗಿ ಹೇಳಿದಳು. ಮಗ ಖಡಾಖಂಡಿತವಾಗಿ ಬೇಡವೆಂದ. ಸೊಸೆ ಏನೂ ಹೇಳದೆ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಕಡೆಗೆ ಮೊಮ್ಮಗಳು ನನ್ನ ಕಡೆ ತಿರುಗಿ, "ತಾತ, ನೀವೇ ಅಪ್ಪಂಗೆ ಹೇಳಿ. ನೀವೂ ಮಕ್ಕಳನ್ನ ಬೆಟ್ಟಕ್ಕೆ ಕರ್ಕೊಂಡು ಹೋಗ್ತಿದ್ರಂತಲ್ಲ" ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಏಕೆ ಚುಚ್ಚಿತೆಂಬುದನ್ನು ಮುಂದೆ ಹೇಳುತ್ತೇನೆ. ಒಂದು ವಾರ ಸಮಯ ಕೊಡು ಎಂದು ಕೇಳಿದೆ. ಈ ಬರಹ ಆ ವಾರದ ಯೋಚನೆಯ ಫಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಈಗ ಇಂಥ ಮಕ್ಕಳ ತಂದೆತಾಯಿಯರಾಗಿರುವುದರಿಂದ ಇದು ನಮ್ಮ ಮನೆಯೊಂದರ ವಿಷಯವಲ್ಲವೆಂದುಕೊಂಡಿದ್ದೇನೆ.

ಮಗನ ಭಯ ಬರಿಯ ಭ್ರಮೆಯಲ್ಲ. 2024ರ ಜೂನ್ ಮೊದಲ ವಾರವನ್ನು ಬೆಂಗಳೂರಿನವರು ಮರೆಯಲಾರರು. ಇಲ್ಲಿಂದ ಉತ್ತರಾಖಂಡದ ಸಹಸ್ರತಾಲಕ್ಕೆ ಹೊರಟಿದ್ದ 22 ಮಂದಿಯ ತಂಡ ಹಿಂದಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಲುಕಿತು. ಒಂಬತ್ತು ಜನ ತೀರಿಕೊಂಡರು. ಹದಿಮೂರು ಮಂದಿಯನ್ನು ರಕ್ಷಿಸಿ ತರಲಾಯಿತು. ಹೋದವರು ಹುಡುಗಾಟದ ವಯಸ್ಸಿನವರಲ್ಲ. ನಡುವಯಸ್ಸಿನವರು, ಎಪ್ಪತ್ತು ದಾಟಿದ ಹಿರಿಯರು, ಹಿಂದೆ ಹಲವು ಚಾರಣಗಳನ್ನು ಮಾಡಿದ್ದವರು ಅವರಲ್ಲಿದ್ದರು. ಆ ಮೂರು ನಾಲ್ಕು ದಿನ ಟಿ.ವಿ. ಮುಂದೆ ಕುಳಿತಿದ್ದ ನಮ್ಮ ಮಗನ ಕಣ್ಣಿನಿಂದ ಆ ದೃಶ್ಯಗಳು ಇನ್ನೂ ಮರೆಯಾಗಿಲ್ಲ.

ಇಂಥ ದುರಂತ ನಡೆದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಇವರಿಗೆಲ್ಲ ಬೆಟ್ಟ ಏಕೆ ಬೇಕಿತ್ತು, ಮನೆಯಲ್ಲಿರಬಾರದಿತ್ತೆ?" ಎಂಬುದೊಂದು. "ಹಣೆಯಲ್ಲಿ ಬರೆದದ್ದನ್ನು ಯಾರು ತಪ್ಪಿಸುತ್ತಾರೆ?" ಎಂಬುದಿನ್ನೊಂದು. ಎರಡೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಬೆಟ್ಟ ಹತ್ತುವುದರಲ್ಲಿ ಕಲಿಯುವಂಥದ್ದೇನೂ ಇಲ್ಲವೆಂದು ಭಾವಿಸುವುದರಲ್ಲಿ ಅವೆರಡೂ ಒಂದೇ. ನನ್ನ ಅಭಿಪ್ರಾಯ ಬೇರೆ. ಬೆಟ್ಟ ಹತ್ತಿ ಇಳಿಯುವುದು ಈಜಿನಂತೆ, ಸಂಗೀತದಂತೆ ಒಂದು ವಿದ್ಯೆ. ಅದಕ್ಕೆ ಗುರು ಬೇಕು, ಪಾಠಕ್ರಮ ಬೇಕು, ಅಭ್ಯಾಸ ಬೇಕು. ಅದರ ಅತ್ಯಂತ ಕಠಿಣವಾದ ಪಾಠ ಶಿಖರ ಮುಟ್ಟುವುದಲ್ಲ, ಮುಟ್ಟದೆ ಹಿಂದಿರುಗುವುದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನಾನು ಈ ಪಾಠವನ್ನು ಕಲಿಸಲಿಲ್ಲ. ಸಾಲದೆಂಬಂತೆ ಇದರ ವಿರುದ್ಧವಾದುದನ್ನೇ ಕಲಿಸಿದೆ. ಅದಕ್ಕೆ 1986ರಲ್ಲಿ ಹತ್ತನೆಯ ತರಗತಿಯಲ್ಲಿದ್ದವರು ಸಾಕ್ಷಿ.

ಆ ವರ್ಷ ಕಾರ್ತಿಕ ಮಾಸದಲ್ಲಿ ನಲವತ್ತು ಮಕ್ಕಳನ್ನು ಬಾಡಿಗೆ ಬಸ್ಸಿನಲ್ಲಿ ಮಾಗಡಿಯ ಸಾವನದುರ್ಗಕ್ಕೆ ಕರೆದೊಯ್ದೆ. ಜೊತೆಗೆ ಇನ್ನೊಬ್ಬ ಉಪಾಧ್ಯಾಯರು. ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಗೂ ನರಸಿಂಹಸ್ವಾಮಿಗೂ ಕೈಮುಗಿದು, ಚಿತ್ರಾನ್ನ ತಿಂದು ಹತ್ತಲು ತೊಡಗಿದಾಗ ಹನ್ನೊಂದೂವರೆ ದಾಟಿತ್ತು. ಸಾವನದುರ್ಗವನ್ನು ನೋಡದವರಿಗೆ ಹೇಳಬೇಕು: ಅದು ಮಣ್ಣಿನ ಬೆಟ್ಟವಲ್ಲ, 1226 ಮೀಟರ್ ಎತ್ತರದ, ಬೋಳಾದ ಒಂದೇ ಮಹಾಬಂಡೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಭಾಗ. ಒಣಗಿದ್ದಾಗ ಆ ಕಲ್ಲು ಕಾಲನ್ನು ಹಿಡಿದುಕೊಳ್ಳುತ್ತದೆ. ಒಂದು ಮಳೆ ಬಿದ್ದರೆ ಸಾಬೂನು ಸವರಿದಂತಾಗುತ್ತದೆ. ಇದು ನನಗೆ ತಿಳಿದಿರಲಿಲ್ಲ. ಆ ಬೆಟ್ಟವನ್ನು ಅದಕ್ಕೆ ಮೊದಲು ನಾನೇ ಹತ್ತಿರಲಿಲ್ಲ. ಯಾರೋ ಹೇಳಿದ ಗುರುತುಗಳನ್ನು ನಂಬಿ ಹೊರಟಿದ್ದೆ.

ತುದಿಗೆ ಇನ್ನೂ ಸಾಕಷ್ಟು ದೂರವಿರುವಾಗಲೇ ಪಡುವಣದಲ್ಲಿ ಮೋಡ ಕಟ್ಟಿತು. ಜೊತೆಯ ಉಪಾಧ್ಯಾಯರು, "ಸಾರ್, ಇಳಿಯೋಣ" ಎಂದರು. "ಇಷ್ಟು ದೂರ ಬಂದು ಹಿಂದೆ ಹೋಗುವುದೇ?" ಎಂದು ಮಕ್ಕಳ ಎದುರಿನಲ್ಲೇ ಅವರ ಮಾತನ್ನು ತಳ್ಳಿಹಾಕಿದೆ. ತುದಿಯ ನಂದಿ ಮಂಟಪದ ಬಳಿ ಜಯಕಾರ ಹಾಕಿಸಿದ್ದೂ ಆಯಿತು. ಇಳಿಯಲು ತಿರುಗಿ ಕಾಲು ಗಂಟೆಯಾಗಿರಲಿಲ್ಲ, ಮಳೆ ಹಿಡಿಯಿತು. ಮಕ್ಕಳ ಕಾಲಲ್ಲಿ ಹವಾಯಿ ಚಪ್ಪಲಿ, ಕೆಲವರು ಬರಿಗಾಲು. ಒಬ್ಬ ಹುಡುಗ ಕಾಲು ಜಾರಿ ಇಪ್ಪತ್ತು ಇಪ್ಪತ್ತೈದು ಅಡಿ ಉರುಳಿ, ಬಂಡೆಯ ಬಿರುಕಿನಲ್ಲಿ ಬೆಳೆದಿದ್ದ ಒಂದು ಕುರುಚಲು ಪೊದೆಗೆ ತಡೆದು ನಿಂತ. ಆ ಪೊದೆಯ ಕೆಳಗೆ ಏನಿತ್ತೆಂಬುದನ್ನು ನಾನು ಈಗಲೂ ನೆನೆಯಲು ಹೋಗುವುದಿಲ್ಲ. ನನ್ನ ಪಂಚೆಯನ್ನೂ ಹುಡುಗರ ಟವೆಲುಗಳನ್ನೂ ಗಂಟುಹಾಕಿ ಅವನನ್ನು ಎಳೆದುಕೊಂಡೆವು. ಆ ಗಂಟು ಬಿಚ್ಚಿಕೊಳ್ಳದಿದ್ದುದು ದೇವರ ದಯೆಯೇ ಹೊರತು ನನ್ನ ಜಾಣತನವಲ್ಲ. ಕುಳಿತು, ತೆವಳಿ, ಕತ್ತಲಲ್ಲಿ ಕೆಳಗೆ ಮುಟ್ಟುವ ವೇಳೆಗೆ ಹಳ್ಳಿಯವರು ಟಾರ್ಚು ಹಿಡಿದು ಎದುರು ಬಂದಿದ್ದರು. ಹುಡುಗನ ಮಣಿಕಟ್ಟು ಮುರಿದಿತ್ತು.

ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ನಾನು ಮಾಡಿದ್ದೇನು? ಎಲ್ಲ ಮಕ್ಕಳ ಎದುರು ಅವರ "ಧೈರ್ಯ, ಸಾಹಸ"ವನ್ನು ಹೊಗಳಿ ಭಾಷಣ ಮಾಡಿದೆ. ಮಧ್ಯಾಹ್ನ ಆ ಹುಡುಗನ ತಾಯಿ ಶಾಲೆಗೆ ಬಂದರು. ಜಗಳವಾಡಲಿಲ್ಲ. "ಕರ್ಕೊಂಡ್ ಹೋಗೋವಾಗ ದಾರಿ ಗೊತ್ತಿತ್ತಾ ಮೇಷ್ಟ್ರೇ?" ಎಂದಷ್ಟೇ ಕೇಳಿದರು. "ಗೊತ್ತಿತ್ತಮ್ಮ" ಎಂದೆ. ಅದು ಸುಳ್ಳು.

ಅದಾದ ಕೆಲವು ವರ್ಷಗಳ ನಂತರ ರಾಮನಗರದ ಬಂಡೆಗಳಲ್ಲಿ ನಡೆದ ಒಂದು ಶಿಲಾರೋಹಣ ಶಿಬಿರಕ್ಕೆ ಮಕ್ಕಳ ಜೊತೆ ಹೋಗುವ ಅವಕಾಶ ಬಂತು. ಶೋಲೆ ಚಿತ್ರದಿಂದ ದೇಶಕ್ಕೆಲ್ಲ ಪರಿಚಯವಾದ ಅದೇ ಬಂಡೆಗಳು. ಬೆಂಗಳೂರಿನ ಶಿಲಾರೋಹಿಗಳಿಗೆ ಅದು ಎಷ್ಟೋ ಕಾಲದಿಂದ ಪಾಠಶಾಲೆ. ಶಿಬಿರದ ಮೊದಲ ಅರ್ಧ ದಿನ ಯಾರನ್ನೂ ಬಂಡೆ ಮುಟ್ಟಲು ಬಿಡಲಿಲ್ಲ. ನೆರಳಲ್ಲಿ ಕುಳಿತು ಹಗ್ಗಕ್ಕೆ ಎಂಟರ ಆಕಾರದ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು, ಇಷ್ಟೇ. ಮಕ್ಕಳಿಗೆ ಬೇಸರ ಬಂತು, ನನಗೂ ಬಂತು. ಆಮೇಲೆ ಸೊಂಟಕ್ಕೆ ಹಾರ್ನೆಸ್ ಕಟ್ಟುವುದು, ತಲೆಗೆ ಹೆಲ್ಮೆಟ್, ಕ್ಯಾರಾಬಿನರ್ ಎಂಬ ಉಕ್ಕಿನ ಕೊಂಡಿಯ ತಿರುಪು ಬಿಗಿಯಾಗಿದೆಯೇ ಎಂದು ನೋಡುವುದು. ಪ್ರತಿಯೊಬ್ಬರೂ ತಮ್ಮದನ್ನು ತಾವು ನೋಡಿಕೊಂಡ ಮೇಲೆ ಜೊತೆಗಾರ ಇನ್ನೊಮ್ಮೆ ಕೈಯಿಂದ ಮುಟ್ಟಿ ನೋಡಲೇಬೇಕು. ಕೆಳಗೆ ನಿಂತು ಹಗ್ಗ ಹಿಡಿಯುವವನು ಮೇಲೆ ಹತ್ತುವವನ ಪ್ರಾಣವನ್ನು ಕೈಯಲ್ಲಿ ಹಿಡಿದಿರುತ್ತಾನೆ. ಅವನು ಮಾತಿಗೆ ತಿರುಗುವಂತಿಲ್ಲ, ಹಗ್ಗ ಬಿಡುವಂತಿಲ್ಲ. ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಸದಾ ಬಂಡೆಯ ಮೇಲಿರಬೇಕು. ಒಮ್ಮೆಗೆ ಒಂದನ್ನು ಮಾತ್ರ ಕದಲಿಸಬೇಕು. ಭಾರವನ್ನು ಕೈಗಳಿಗೆ ಕೊಡದೆ ಕಾಲುಗಳಿಗೆ ಕೊಡಬೇಕು. ಹಗ್ಗದ ಆಧಾರದಲ್ಲಿ ಹಿಮ್ಮುಖವಾಗಿ ಇಳಿಯುವುದನ್ನು ಹತ್ತುವುದಕ್ಕಿಂತ ಹೆಚ್ಚು ಹೊತ್ತು ಕಲಿಸಿದರು.

ಶಿಬಿರದ ಶಿಕ್ಷಕರು ಇಪ್ಪತ್ತೈದು ವರ್ಷದ ಹುಡುಗ. ಒಬ್ಬ ವಿದ್ಯಾರ್ಥಿನಿ ಅರ್ಧ ಬಂಡೆ ಹತ್ತಿ, ಭಯದಿಂದ ನಡುಗಿ, "ಇಳೀತೀನಿ ಸಾರ್" ಎಂದಳು. ಉಳಿದ ಮಕ್ಕಳು ನಕ್ಕರು. ಆ ಹುಡುಗ ನಗುತ್ತಿದ್ದವರನ್ನು ಸುಮ್ಮನಾಗಿಸಿ, ಅವಳನ್ನು ನಿಧಾನವಾಗಿ ಇಳಿಸಿಕೊಂಡು, "ಈ ದಿನ ಸರಿಯಾದ ತೀರ್ಮಾನ ತೆಗೆದುಕೊಂಡವಳು ಇವಳು" ಎಂದು ಎಲ್ಲರಿಗೂ ಹೇಳಿದ. ನಾನು ಅಷ್ಟು ವರ್ಷ ಉಪಾಧ್ಯಾಯನಾಗಿದ್ದೂ ಅಂಥ ಮಾತೊಂದನ್ನು ಯಾವ ಮಗುವಿಗೂ ಹೇಳಿರಲಿಲ್ಲ.

ನಮ್ಮ ಕರ್ನಾಟಕದವರು ಈ ವಿದ್ಯೆಯಲ್ಲಿ ಬಂಡೆಯ ಭಾಗವನ್ನು ಮನೆಯ ಹತ್ತಿರವೇ ಕಲಿಯಬಹುದು. ರಾಮನಗರವಿದೆ, ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಇದೆ, ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆಯಿದೆ. ಆದರೆ ಹಿಮಾಲಯದ ಒಂದು ಪಾಠವನ್ನು ಇಲ್ಲಿ ಕಲಿಯಲು ಸಾಧ್ಯವೇ ಇಲ್ಲ. ಅದು ಎತ್ತರದ ಪಾಠ. ನಮ್ಮ ನಂದಿಬೆಟ್ಟ 1478 ಮೀಟರ್. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2500 ಮೀಟರಿನ ಮೇಲೆ. ನನ್ನ ಮೊಮ್ಮಗಳು ಹೋಗಬೇಕೆಂದಿರುವ ಕೇದಾರಕಂಠದ ಎತ್ತರ ಸುಮಾರು 3800 ಮೀಟರ್. ಆ ಚಾರಣ ಆರಂಭವಾಗುವ ಸಾಂಕ್ರಿ ಎಂಬ ಹಳ್ಳಿಯೇ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿದೆ. ಎಂದರೆ ನಾವು ಮುಗಿಸುವ ಜಾಗದಲ್ಲಿ ಅವರು ಶುರುಮಾಡುತ್ತಾರೆ. "ನಾನು ಪ್ರತಿ ತಿಂಗಳೂ ಸ್ಕಂದಗಿರಿ ಹತ್ತುತ್ತೇನೆ, ನನಗೇನೂ ಆಗುವುದಿಲ್ಲ" ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಸ್ಕಂದಗಿರಿಯಿಂದ ಕಾಲಿಗೆ ಬಲ ಬರಬಹುದು. ರಕ್ತಕ್ಕೆ ಕಡಿಮೆ ಆಮ್ಲಜನಕದಲ್ಲಿ ಬದುಕುವ ಅಭ್ಯಾಸ ಬರುವುದಿಲ್ಲ.

ಆ ಅಭ್ಯಾಸಕ್ಕೆ ಇರುವ ದಾರಿ ನಿಧಾನವೊಂದೇ. 3000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು ಎಂಬುದು ವೈದ್ಯರು ಒಪ್ಪಿದ ನಿಯಮ. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು, ಊಟ ಸೇರದಿರುವುದು ಮೊದಲ ಎಚ್ಚರಿಕೆಗಳು. ಇವು ಕಂಡಾಗ ಮೇಲೇರಕೂಡದು. ನಡೆಯುವಾಗ ತೂರಾಡಿದರೆ, ಮಾತು ತಡವರಿಸಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಮಿದುಳಿಗೋ ಶ್ವಾಸಕೋಶಕ್ಕೋ ನೀರು ಸೇರುತ್ತಿದೆಯೆಂದು ತಿಳಿಯಬೇಕು. ಆಗ ಕತ್ತಲಾಗಿದ್ದರೂ ತಡಮಾಡದೆ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ; ಔಷಧ, ಆಮ್ಲಜನಕಗಳು ಅದಕ್ಕೆ ಸಹಾಯಕ ಮಾತ್ರ. ಇಲ್ಲಿ ಅಡ್ಡಬರುವುದು ನಮ್ಮ ಸಂಕೋಚ. "ನನ್ನಿಂದಾಗಿ ಎಲ್ಲರ ಪ್ರವಾಸ ಕೆಡಬಾರದು" ಎಂದು ತಲೆನೋವನ್ನು ಮುಚ್ಚಿಟ್ಟುಕೊಳ್ಳುವುದು ಸೌಜನ್ಯವಲ್ಲ, ಅಪಾಯ.

ಚಳಿಯ ವಿಷಯವೂ ಹಾಗೆಯೇ. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗಾಳಿ ಬೀಸಿದರೆ ಮೈಗೆ ತಾಗುವ ಚಳಿ ಇನ್ನೂ ಹೆಚ್ಚು. ನೆನೆದ ಹತ್ತಿಬಟ್ಟೆ ಮೈಯ ಶಾಖವನ್ನು ಹೀರುತ್ತದೆ; ಉಣ್ಣೆ ನೆನೆದರೂ ಸ್ವಲ್ಪಮಟ್ಟಿಗೆ ಕಾಪಾಡುತ್ತದೆ. ಜೀನ್ಸ್ ತೊಟ್ಟು ಹಿಮಕ್ಕೆ ಹೋಗುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು. ದೇಹದ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ಜೋರಾಗಿ ನಡುಕ, ಆಮೇಲೆ ತೊದಲು, ತೂಕಡಿಕೆ. ನಡುಕ ನಿಂತಿತೆಂದರೆ ಗುಣವಾಯಿತೆಂದಲ್ಲ, ಕೈಮೀರುತ್ತಿದೆಯೆಂದು ಅರ್ಥ.

ಇನ್ನು ಹಿಂದಿರುಗುವ ಮಾತು. 1996ರ ಮೇ 10ರಂದು ಎವರೆಸ್ಟಿನಲ್ಲಿ ನಡೆದದ್ದನ್ನು ಪ್ರಪಂಚದ ಪರ್ವತಾರೋಹಿಗಳೆಲ್ಲ ಪಾಠವಾಗಿ ಓದುತ್ತಾರೆ. ಮಧ್ಯಾಹ್ನ ಎರಡು ಗಂಟೆಯಾದರೆ ಎಲ್ಲಿದ್ದರೂ ಹಿಂದಿರುಗಬೇಕೆಂಬ ಮಾತಿತ್ತು. ಶಿಖರ ಕಣ್ಣಿಗೆ ಕಾಣುತ್ತಿತ್ತು. ಕೆಲವರು ಎರಡು ದಾಟಿದ ಮೇಲೂ ಹತ್ತಿದರು. ನಾಲ್ಕರ ವೇಳೆಗೆ ಮುಟ್ಟಿದವರೂ ಇದ್ದರು. ಸಂಜೆ ಬಿರುಗಾಳಿ ಬಂತು. ಒಂದೇ ದಿನದೊಳಗೆ ಎಂಟು ಜನ ಹೋದರು. ಅವರಲ್ಲಿ ಎರಡು ತಂಡಗಳ ನುರಿತ ನಾಯಕರೂ ಇದ್ದರು, ನಮ್ಮ ದೇಶದ ಮೂವರು ಯೋಧರೂ ಇದ್ದರು. ಎವರೆಸ್ಟಿನ ಅತಿ ಎತ್ತರದಲ್ಲಿ ಪ್ರಾಣಬಿಟ್ಟ ಆರೋಹಿಗಳಲ್ಲಿ ಹೆಚ್ಚಿನವರು ಇಳಿಯುವಾಗ ಸತ್ತವರು. ಅದನ್ನು ಓದಿದಾಗ ನನಗೆ ನೆನಪಾದದ್ದು ಸಾವನದುರ್ಗದ ಆ ಮೋಡ. ಎವರೆಸ್ಟಿಗೂ ಮಾಗಡಿಗೂ ಎಲ್ಲಿಯ ಹೋಲಿಕೆ ಎನ್ನಬೇಡಿ, ತಪ್ಪು ಒಂದೇ.

ಈಗ ನಮ್ಮ ಊರಿನ ಮಾತು. ಕೋಗಿಲಿನಲ್ಲಿರುವವರಿಗೆ ವಾಯುಪಡೆಯ ಸದ್ದು ಹೊಸದಲ್ಲ. ಯಲಹಂಕದ ವಾಯುನೆಲೆ ನಮಗೆ ನೆರೆಮನೆಯಿದ್ದಂತೆ. 2022ರ ಫೆಬ್ರವರಿ 20, ಭಾನುವಾರ, ಆ ನೆಲೆಯ ಹೆಲಿಕಾಪ್ಟರೊಂದು ನಂದಿಬೆಟ್ಟದ ಕಡೆಗೆ ಹೋಯಿತು. ಬ್ರಹ್ಮಗಿರಿಯ ಬಂಡೆಗಳಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು ಮುನ್ನೂರು ಅಡಿ ಜಾರಿ, ಬಂಡೆಯ ಅಂಚೊಂದರಲ್ಲಿ ಸಿಕ್ಕಿಕೊಂಡಿದ್ದ. ವಾಯುಪಡೆಯವರು ಅವನನ್ನು ಮೇಲಕ್ಕೆತ್ತಿ ಉಳಿಸಿದರು. ಅದೇ ತಿಂಗಳ ಆರಂಭದಲ್ಲಿ ಕೇರಳದ ಮಲಂಪುಳದಲ್ಲಿ ಬಂಡೆಯ ಸೀಳಿನಲ್ಲಿ ಸಿಕ್ಕಿಬಿದ್ದಿದ್ದ ಯುವಕನೊಬ್ಬನನ್ನು ನಲವತ್ತು ಗಂಟೆಗಳಿಗೂ ಮೀರಿದ ಪಾಡಿನ ನಂತರ ಸೈನ್ಯದವರು ಹಗ್ಗದಿಂದ ಎತ್ತಿದ್ದರು. ಇಬ್ಬರೂ ಬದುಕಿದ್ದು ಪರರ ವಿದ್ಯೆಯಿಂದ. ಅಂದು ತಾರಸಿಯ ಮೇಲೆ ನಿಂತು ಆ ತಾಯಿಯ ಸಂಕಟವನ್ನು ನೆನೆದೆ. ಹೆಲಿಕಾಪ್ಟರ್ ಬರುತ್ತದೆಂದು ನಂಬಿ ಬೆಟ್ಟ ಹತ್ತಲಾಗದು. ಮೋಡ ಮುಚ್ಚಿದರೆ ಅದು ಹಾರುವುದಿಲ್ಲ. ಕತ್ತಲಾದರೆ ಬೆಳಗಿನವರೆಗೆ ಕಾಯಬೇಕಾಗಬಹುದು.

ವಿದ್ಯೆ ಕಲಿತರೆ ಸಾವೇ ಬಾರದೆಂದು ನಾನು ಹೇಳುತ್ತಿಲ್ಲ. 1965ರಲ್ಲಿ ಸ್ಥಾಪನೆಯಾದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ದೇಶದ ಶ್ರೇಷ್ಠ ಶಾಲೆಗಳಲ್ಲೊಂದು. 2022ರ ಅಕ್ಟೋಬರ್ 4ರಂದು ಅದರ ಶಿಕ್ಷಕರೂ ಶಿಕ್ಷಣಾರ್ಥಿಗಳೂ ದ್ರೌಪದೀ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಲುಕಿ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕರ್ನಾಟಕದ ಯುವಕರೂ ಅವರಲ್ಲಿದ್ದರು. ಪರ್ವತ ಯಾರ ಪ್ರಮಾಣಪತ್ರವನ್ನೂ ನೋಡುವುದಿಲ್ಲ. ಆದರೂ ಈಜು ಬಲ್ಲವನೂ ಮುಳುಗಬಹುದೆಂಬ ಕಾರಣಕ್ಕೆ ಈಜು ಕಲಿಸುವುದು ವ್ಯರ್ಥವೆನ್ನಲಾದೀತೆ? ವಿದ್ಯೆ ಅಪಾಯವನ್ನು ಅಳಿಸುವುದಿಲ್ಲ, ಅದನ್ನು ಮೊದಲೇ ಗುರುತಿಸುವ ಕಣ್ಣು ಕೊಡುತ್ತದೆ.

ಈಗಿನ ಮಕ್ಕಳಲ್ಲಿ ಬೆಟ್ಟದ ಹಂಬಲ ಹೆಚ್ಚಾಗಿರುವುದು ಸಂತೋಷದ ಸಂಗತಿಯೇ. ಆದರೆ ದೂರದ ಬೆಟ್ಟ ಮೊಬೈಲಿನ ಪರದೆಯಲ್ಲಿ ಇನ್ನಷ್ಟು ನುಣ್ಣಗೆ ಕಾಣುತ್ತದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ತಂದಿತು. ಅದು ಒಳ್ಳೆಯದು. ಆದರೆ ಚೀಟಿ ಕೊಟ್ಟರೆ ಸಾಲದು, ಶಿಕ್ಷಣ ಬೇಕು. ಪ್ರೌಢಶಾಲೆಯ ಮಕ್ಕಳಿಗೆ ವರ್ಷಕ್ಕೆ ಎರಡು ದಿನ ಒಂದು ಗಂಟು, ಒಂದು ಪ್ರಥಮ ಚಿಕಿತ್ಸೆ, ಒಂದು ನಕ್ಷೆ ಓದುವುದನ್ನು ಕಲಿಸಲು ಎಷ್ಟು ಖರ್ಚು ಬಂದೀತು? ನಮ್ಮ ಸುತ್ತಮುತ್ತ ಬಂಡೆಗಳಿಗೇನು ಬರವೆ?

ಪೋಷಕರಿಗೂ ಒಂದು ಮಾತು. "ಬೇಡ" ಎಂದರೆ ಮಕ್ಕಳು ಹೇಳದೆ ಹೋಗುತ್ತಾರೆ. ಅದರ ಬದಲು ಪ್ರಶ್ನೆ ಕೇಳಿ. ಕರೆದೊಯ್ಯುವವರಿಗೆ ಆ ದಾರಿ ಗೊತ್ತೇ, ಎಷ್ಟು ಸಲ ಹೋಗಿದ್ದಾರೆ? ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ? ಪ್ರಥಮ ಚಿಕಿತ್ಸೆ ಬಲ್ಲವರು ಯಾರು? ಆಮ್ಲಜನಕದ ಸಿಲಿಂಡರ್ ಎಲ್ಲಿರುತ್ತದೆ? ಹವಾಮಾನ ಕೆಟ್ಟರೆ ತಂಗಲು ಏನು ವ್ಯವಸ್ಥೆ? ಎಷ್ಟು ಗಂಟೆಗೆ ಹಿಂದಿರುಗುವ ನಿಯಮ, ಅದನ್ನು ಹೇಳುವ ಅಧಿಕಾರ ಯಾರದು? ಹಿಂದಿರುಗಿದರೆ ಹಣ ಕಳೆದುಕೊಂಡೆವೆಂದು ಗೊಣಗುವ ಪೈಕಿಯೇ ನಾವು? ಈ ಕೊನೆಯ ಪ್ರಶ್ನೆಯನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಮೊಮ್ಮಗಳಿಗೆ ನಾನು ಕೊಟ್ಟ ತೀರ್ಪು ಹೀಗಿದೆ. ಈ ಡಿಸೆಂಬರಿಗೆ ಬೇಡ, ಮುಂದಿನ ಡಿಸೆಂಬರಿಗೆ ಹೋಗು. ಅಷ್ಟರಲ್ಲಿ ರಾಮನಗರದಲ್ಲಿ ಒಂದು ಶಿಬಿರ ಮುಗಿಸು, ದಿನವೂ ನಡೆ, ಬೆನ್ನಿಗೆ ಭಾರ ಹೊತ್ತು ಮೆಟ್ಟಿಲು ಹತ್ತು, ಪ್ರಥಮ ಚಿಕಿತ್ಸೆ ಕಲಿ, ವೈದ್ಯರಿಗೆ ತೋರಿಸು. ಮೇಲಿನ ಪ್ರಶ್ನೆಗಳನ್ನು ನೀನೇ ಕೇಳಿ ಉತ್ತರ ಬರೆದು ತಂದು ಅಪ್ಪನಿಗೆ ತೋರಿಸು. ಹೋಗುವ ದಿನ ಬಸ್‌ಸ್ಟ್ಯಾಂಡಿಗೋ ವಿಮಾನ ನಿಲ್ದಾಣಕ್ಕೋ ನಾನೇ ಬಂದು ಕಳಿಸಿಕೊಡುತ್ತೇನೆ. ಅವಳ ಮುಖ ಸ್ವಲ್ಪ ಬಾಡಿತು. ಮಗನ ಮುಖವೂ ಪೂರ್ತಿ ಅರಳಲಿಲ್ಲ. ಆದರೆ ಈಗ ಎರಡು ದಿನದಿಂದ ನಮ್ಮ ವರಾಂಡದ ಕಿಟಕಿಯ ಸರಳಿಗೆ ಒಂದು ಹಗ್ಗ ನೇತಾಡುತ್ತಿದೆ. ನನಗೂ ಎಂಟರ ಗಂಟು ಮರೆತಿತ್ತು, ಅವಳೇ ಕಲಿಸಿದಳು.

ಕಡೆಯದಾಗಿ, ಅಂದು ಮಣಿಕಟ್ಟು ಮುರಿದುಕೊಂಡ ವಿದ್ಯಾರ್ಥಿಗೆ. ನೀನು ಇದನ್ನು ಓದುತ್ತೀಯೆಂದು ಬಲ್ಲೆ. ನಿನ್ನ ತಾಯಿ ಈಗಿಲ್ಲ. ಅವರು ಕೇಳಿದ ಪ್ರಶ್ನೆಗೆ ಅಂದೇ ಕೊಡಬೇಕಾಗಿದ್ದ ಉತ್ತರವನ್ನು ನಿನಗಾದರೂ ಹೇಳುತ್ತೇನೆ: ನನಗೆ ದಾರಿ ಗೊತ್ತಿರಲಿಲ್ಲ. ಮೋಡ ಕಂಡಾಗ ಹಿಂದಿರುಗಬೇಕಾಗಿತ್ತು. ತಪ್ಪು ನನ್ನದು; ಅದನ್ನು ಸಾಹಸವೆಂದು ಕರೆದದ್ದು ಇನ್ನೂ ದೊಡ್ಡ ತಪ್ಪು. ಕ್ಷಮಿಸು.

ಮನೆಯಿಂದ ಹೊರಡುವವರು "ಹೋಗುತ್ತೇನೆ" ಎಂದರೆ ನಮ್ಮ ಅಜ್ಜಿಯರು ಬಯ್ಯುತ್ತಿದ್ದರು, "ಹೋಗಿ ಬರುತ್ತೇನೆ ಅನ್ನು" ಎಂದು ತಿದ್ದುತ್ತಿದ್ದರು. ಬೆಟ್ಟಕ್ಕೆ ಹೊರಟಿರುವ ಎಲ್ಲ ಮಕ್ಕಳಿಗೂ ಈ ಮುದಿ ಮೇಷ್ಟರ ಹಾರೈಕೆಯೂ ಅದೇ. ಹೋಗಿ ಬನ್ನಿ. ಶುಭವಾಗಲಿ.